ಕಾಂಡ್ಲಾ ಎಲೆಯ ಶಿಲೀಂಧ್ರಕ್ಕೆ ರೆಡಿಮೇಡ್ ಪಿಡಿಎ ಪುಡಿ

ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಎಲೆಯೊಳಗಿನ ಶಿಲೀಂಧ್ರ ಬೆಳೆಸಲು ಈ ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗಾರ್ (ಪಿಡಿಎ), ಅಂದರೆ ಆಲೂಗಡ್ಡೆ-ಸಕ್ಕರೆಯ ಜೆಲ್ಲಿ ಮಾಧ್ಯಮದ ಪುಡಿ, ಧಾರಾಳ ಸಾಕು. ಲೀಟರ್ ನೀರಿಗೆ 39 ಗ್ರಾಂ, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ; ಆಲೂಗಡ್ಡೆ ಬೇಯಿಸಿ ಸೋಸುವ ರಗಳೆಯಿಲ್ಲ. ಆದರೆ ಇದರಲ್ಲಿ ಉಪ್ಪಿಲ್ಲ. ಅರ್ಧ ಪಾಲು ಸೋಸಿದ ಸಮುದ್ರದ ನೀರನ್ನೇ ಬಳಸಿ. ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್ ಕೂಡ ನೀವೇ ಬೆರೆಸಬೇಕು.

ಎರಡೇ ದಿನಕ್ಕೆ ಪ್ಲೇಟಿನ ತುಂಬ ಕಪ್ಪು ಬೂಸ್ಟು ಹಬ್ಬಿದರೆ ಪುಡಿಯನ್ನು ಬೈಯಬೇಡಿ. ಹೆಚ್ಚಾಗಿ ಎಲೆಯ ಹೊರಮೈಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಹೈಪೋಕ್ಲೋರೈಟ್ (ಬ್ಲೀಚ್) ಸಾಲದಾಗಿರುತ್ತದೆ. ಕೊನೆಯ ಸಲ ತೊಳೆದ ನೀರನ್ನು ಬೇರೆ ಪ್ಲೇಟಿಗೆ ಹಾಕಿ ನೋಡಿ, ಏನೂ ಬೆಳೆಯಬಾರದು.

ಕಿಣ್ವದ ಪರೀಕ್ಷೆಗೆ ಮಾತ್ರ ಇದು ಬೇಡ. ಡೆಕ್ಸ್‌ಟ್ರೋಸ್ ಸಿಕ್ಕಿದರೆ ಎಷ್ಟೋ ಶಿಲೀಂಧ್ರಗಳು ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ತಯಾರಿಸಲು ಸೋಮಾರಿಯಾಗುತ್ತವೆ. ಪಿಷ್ಟದ ಅಗಾರಿಗೆ ದಾಟಿಸಿ, ಬೆಳೆದ ಮೇಲೆ ಅಯೋಡಿನ್ ಸುರಿದು ತಿಳಿಯಾದ ವಲಯ ಹುಡುಕಿ.

ಮುಚ್ಚಳ ಸಡಿಲವಿದ್ದರೆ ಮಳೆಗಾಲದಲ್ಲಿ ಪುಡಿ ತೇವ ಹೀರಿ ಡಬ್ಬಿಯೊಳಗೇ ಕಲ್ಲು!