ಫಿಯಟ್ ಪುಂಟೋಗೆ ಸ್ಪೇರ್ ಪಾರ್ಟ್ಸ್: ಜೆಸಿ ರೋಡ್, ಶಿವಾಜಿನಗರ ಗುಜರಿ, ಆನ್‌ಲೈನು, ಕಂಪನಿ ಕೌಂಟರ್ ಬಗ್ಗೆ ನನ್ನ ರಿವ್ಯೂ

ಫಿಯಟ್ ಕಂಪನಿಯ ಪುಂಟೋ, ಲೀನಿಯಾ ಕಾರ್ ಇಟ್ಕೊಂಡಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಪಾರ್ಟ್ಸ್ ಸಿಗಲ್ಲ ಅಂತ ಯಾರೋ ಹೆದರಿಸಿದ್ರು ಅಂದ್ಕೊಂಡು ಸಿಕ್ಕಿದ ರೇಟಿಗೆ ಗಾಡಿ ಮಾರ್ಕೋಬೇಡಿ. ಸಿಗುತ್ತೆ. ಆದ್ರೆ ಯಾವ ಸಾಮಾನು ಯಾವ ಕಡೆ ಸಿಗುತ್ತೆ ಅಂತ ಗೊತ್ತಿರ್ಬೇಕು, ಕೈಯಲ್ಲಿ ಪಾರ್ಟ್ ನಂಬರ್ ಇರ್ಬೇಕು, ಸ್ವಲ್ಪ ತಾಳ್ಮೆ ಇರ್ಬೇಕು ಅಷ್ಟೇ. ನನ್ನ ಹತ್ರ ಇರೋದು 2010ರ ಕೊನೇಲಿ ತಗೊಂಡ ಪುಂಟೋ 1.3 ಮಲ್ಟಿಜೆಟ್ ಡೀಸೆಲ್, ಬೆಂಗಳೂರು ರಿಜಿಸ್ಟ್ರೇಷನ್, ಈಗ್ಲೂ ಮನೆಗೆ ಅದೊಂದೇ ಗಾಡಿ, ಊರಿಗೆ ಹೋಗೋದು ಬರೋದು ಎಲ್ಲಾ ಅದ್ರಲ್ಲೇ. ಆ ಸ್ಟೀರಿಂಗ್ ತೂಕ, ಹೈವೇಲಿ ನೆಲ ಕಚ್ಕೊಂಡು ಹೋಗೋ ರೀತಿ ನಂಗೆ ತುಂಬಾ ಇಷ್ಟ, ಈಗಿನ ಗಾಡಿಗಳಲ್ಲಿ ಅದು ನಂಗೆ ಸಿಕ್ಕಿಲ್ಲ, ಅದಕ್ಕೇ ಬಿಡೋಕೆ ಮನಸ್ಸಿಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಲೀನಿಯಾ, ಪುಂಟೋ ಎರಡೂ ನಮ್ಮಲ್ಲಿಗೆ ಬಂದಿದ್ದು 2009ರಲ್ಲಿ, ಪುಣೆ ಹತ್ರದ ರಂಜನ್‌ಗಾಂವ್ ಫ್ಯಾಕ್ಟರೀಲಿ ತಯಾರಾಗ್ತಿತ್ತು, ಆಗ ಟಾಟಾ ಶೋರೂಮ್‌ಗಳಲ್ಲೇ ಮಾರ್ತಿದ್ರು, 2012ರಲ್ಲಿ ಆ ಒಪ್ಪಂದ ಮುಗೀತು, 2020ರ ಏಪ್ರಿಲಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬರೋ ಹೊತ್ತಿಗೆ ಫಿಯಟ್ ಹೆಸರಲ್ಲಿ ಹೊಸ ಗಾಡೀನೇ ಇರ್ಲಿಲ್ಲ. ಅದೇ ಫ್ಯಾಕ್ಟರೀಲಿ ಈಗ ಜೀಪ್ ಮಾಡ್ತಾರೆ. ಕಂಪನಿನೂ 2021ರ ಜನವರೀಲಿ ಪೆಜೋದವರ ಜೊತೆ ಸೇರಿ ಸ್ಟೆಲ್ಲಾಂಟಿಸ್ ಆಯ್ತು.

ಇಷ್ಟೆಲ್ಲಾ ಆದ್ರೂ ಡೀಸೆಲ್ ಪುಂಟೋ ಓನರ್‌ಗಳನ್ನ ಕಾಪಾಡಿರೋದು ಆ ಇಂಜಿನ್ನೇ. ಇದೇ 1.3 ಇಂಜಿನ್ನ 2007ರಿಂದ ಮಾರುತಿ ಸ್ವಿಫ್ಟಲ್ಲಿ ಹಾಕಿದ್ರು, ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಟಾಟಾದಲ್ಲಿ ವಿಸ್ತಾ, ಮಾಂಜಾ, ಜೆಸ್ಟ್, ಶೆವ್ರೊಲೆ ಸೇಲ್, ಹೇಳ್ತಾ ಹೋದ್ರೆ ಮುಗಿಯಲ್ಲ. ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಿಂತಿರೋ ಹಳೇ ಡೀಸೆಲ್ ಡಿಜೈರ್‌ಗಳ ಬಾನೆಟ್ ಕೆಳಗೆ ಇರೋದು ಫಿಯಟ್ ಡಿಸೈನೇ. ಅದಕ್ಕೇ ಟೈಮಿಂಗ್ ಚೈನ್ ಕಿಟ್, ಆಯಿಲ್ ಫಿಲ್ಟರ್, ಇಂಜಿನ್ ಒಳಗಿನ ಸಾಮಾನು ಬಹುಪಾಲು ಯಾವ ಏರಿಯಾದಲ್ಲಾದ್ರೂ ಸಿಗುತ್ತೆ, ಮಾರುತಿ ಡಬ್ಬೀಲಿ ಬಂದ್ರೂ ಕೂರುತ್ತೆ. ಆದ್ರೆ "ಸ್ವಿಫ್ಟ್ ಇಂಜಿನ್ ತಾನೇ ಸಾರ್, ಎಲ್ಲಾ ಅದೇ" ಅಂತ ಮೆಕ್ಯಾನಿಕ್ ಹೇಳಿದ್ರೆ ಪೂರ್ತಿ ನಂಬ್ಬೇಡಿ. ಇಂಜಿನ್ ಮೌಂಟಿಂಗ್ (ಇಂಜಿನ್ನ ಬಾಡಿಗೆ ಹಿಡಿದಿಡೋ ರಬ್ಬರ್ ಆಸರೆ), ಹೋಸ್ ಪೈಪುಗಳು, ರೇಡಿಯೇಟರ್, ಗೇರ್‌ಬಾಕ್ಸ್ ಇವೆಲ್ಲಾ ಬಾಡಿಗೆ ತಕ್ಕ ಹಾಗೆ ಬೇರೆ. ಇನ್ನೊಂದು, ಬಿಎಸ್4 ಬೆಂಗಳೂರೂ ಸೇರಿ 13 ನಗರಗಳಿಗೆ 2010ರ ಏಪ್ರಿಲಲ್ಲಿ ಬಂತು, ಬೇರೆ ಕಡೆ ಆಗ ಬಿಎಸ್3 ಇತ್ತು, ಹಾಗಾಗಿ ಒಂದೇ ವರ್ಷದ ಎರಡು ಪುಂಟೋಗಳಲ್ಲೂ ಇಂಜೆಕ್ಟರ್, ಇಜಿಆರ್ (ಸ್ವಲ್ಪ ಹೊಗೆನ ಇಂಜಿನ್‌ಗೇ ವಾಪಸ್ ಕಳಿಸೋ ವಾಲ್ವ್) ಥರದ ಸಾಮಾನು ಬೇರೆ ಇರಬಹುದು. ನಿಮ್ಮದು ಯಾವುದು ಅಂತ ಆರ್‌ಸಿ ನೋಡಿ ತಿಳ್ಕೊಂಡೇ ಅಂಗಡಿಗೆ ಹೋಗಿ.

ಈಗ ಜೆಸಿ ರೋಡ್. ನನ್ನ ಪ್ರಕಾರ ಬೆಂಗಳೂರಲ್ಲಿ ಹಳೇ ಗಾಡಿ ಇಟ್ಕೊಂಡೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಟೌನ್ ಹಾಲಿಂದ ಮಿನರ್ವ ಸರ್ಕಲ್ ಕಡೆಗೆ ನಡೀತಾ ಹೋದ್ರೆ ಎದುರಿಗೆ ಕಾಣೋದೆಲ್ಲಾ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್ ಅಂಗಡಿಗಳೇ, ಅವುಗಳಲ್ಲಿ ನಮಗೆ ಕೆಲಸ ಇಲ್ಲ. ನಮಗೆ ಬೇಕಾಗಿರೋದು ಪಕ್ಕದ ಸಣ್ಣ ರಸ್ತೆಗಳಲ್ಲಿ, ಮಹಡಿ ಮೇಲೆ, ಛಾವಣಿವರೆಗೂ ಡಬ್ಬಿ ಜೋಡಿಸ್ಕೊಂಡು ಕೂತಿರೋ ಚಿಕ್ಕ ಕೌಂಟರ್‌ಗಳು. ಸುಮಾರು ಅಂಗಡೀಲಿ ಫಿಯಟ್ ಅಂದ ತಕ್ಷಣ "ಇಲ್ಲ ಸಾರ್" ಅಂತ ತಲೆನೂ ಎತ್ತದೆ ಹೇಳ್ತಾರೆ, ಬೇಜಾರ್ ಮಾಡ್ಕೋಬೇಡಿ, ಅಲ್ಲೇ ನಿಂತು "ಹಾಗಾದ್ರೆ ಯಾರ ಹತ್ರ ಸಿಗಬಹುದು ಅಣ್ಣಾ" ಅಂತ ಕೇಳಿ, ಖಂಡಿತ ಹೇಳ್ತಾರೆ, ಕೆಲವರು ಹುಡುಗನ್ನ ಜೊತೆಗೆ ಕಳಿಸಿದ್ದೂ ಇದೆ.

ನಾನು ಈಗ ಯಾವಾಗ್ಲೂ ಹೋಗೋ ಅಂಗಡೀಲಿ ಒಬ್ರು ವಯಸ್ಸಾದ ಯಜಮಾನ್ರು ಕೂರ್ತಾರೆ, ಪದ್ಮಿನಿ ಕಾಲದಿಂದ ಫಿಯಟ್ ಸಾಮಾನು ಮಾರ್ತಿರೋರು. ಮುಂದಿನ ಸಸ್ಪೆನ್ಷನ್ನಿಂದ ಟಕಟಕ ಸದ್ದು ಬರ್ತಿದೆ ಅಂತ ಲಿಂಕ್ ರಾಡ್ ಕೇಳ್ಕೊಂಡು ಹೋಗಿದ್ದೆ. ಹಳೇದನ್ನ ತಂದಿದ್ದೀರಾ ಅಂದ್ರು, ಕೊಟ್ಟೆ. ಒಳಗಿಂದ ಒಂದು ಜೊತೆ ತರಿಸಿದ್ರು, ಡಬ್ಬಿ ಮೇಲೆ ಪುಂಟೋ ಅಂತಾನೇ ಬರ್ದಿತ್ತು, ನಾನು ದುಡ್ಡು ತೆಗೀತಿದ್ದೆ. ಅವ್ರು ಹಳೇ ರಾಡ್‌ನ, ಹೊಸದನ್ನ ಕೌಂಟರ್ ಮೇಲೆ ಪಕ್ಕಪಕ್ಕ ನಿಲ್ಲಿಸಿ ಬಾಲ್ ಜಾಯಿಂಟಿನ ಮಧ್ಯಕ್ಕೆ ಬೆರಳಿಟ್ಟು ನೋಡಿದ್ರು, ಹೊಸದು ಒಂದು ಕಡ್ಡಿ ಅಗಲದಷ್ಟು ಉದ್ದ. "ಇದು ಬೇಡ ಸಾರ್, ಕೂರುತ್ತೆ, ಆದ್ರೆ ಎರಡು ತಿಂಗಳಿಗೆ ಮತ್ತೆ ಸದ್ದು ಶುರು" ಅಂತ ವಾಪಸ್ ಒಳಗಿಟ್ಬಿಟ್ರು. ಆಮೇಲೆ ಫೋನ್ ಮಾಡಿ ಇನ್ನೊಂದು ಅಂಗಡಿಯಿಂದ ಬೇರೆ ಮೇಕಿಂದು ತರಿಸಿ, ಅದನ್ನೂ ಹಾಗೇ ನಿಲ್ಲಿಸಿ ನೋಡಿ, ಸಮ ಬಂದ ಮೇಲೇನೇ ಬಿಲ್ ಬರೆದ್ರು. ಕೈಗೆ ಬಂದ ವ್ಯಾಪಾರ ಬಿಟ್ಟು ಸರಿಯಾದ ಸಾಮಾನು ಕೊಡೋರು ಇದ್ದಾರಲ್ಲ, ಅದಕ್ಕೆ ನಾನು ಎಷ್ಟು ಸ್ಟಾರ್ ಕೊಟ್ರೂ ಕಮ್ಮಿನೇ. ಹಾಕ್ಸಿ ಈಗ ಒಂದು ವರ್ಷದ ಮೇಲಾಯ್ತು, ಸದ್ದೇ ಇಲ್ಲ.

ಇದ್ರಿಂದ ನಾನು ಎಲ್ರಿಗೂ ಹೇಳೋದು, ಹಳೇ ಸಾಮಾನು ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಬಿಚ್ಚೋಕಾಗಲ್ಲ ಅಂದ್ರೆ ಪಾರ್ಟ್ ನಂಬರ್ ಬರ್ಕೊಂಡು ಹೋಗಿ. ಫಿಯಟ್‌ಗೆ ಇಪರ್ ಅಂತ ಪಾರ್ಟ್ಸ್ ಕ್ಯಾಟಲಾಗ್ ಇದೆ, ಚಿತ್ರದ ಸಮೇತ ಒಂದೊಂದು ನಟ್ಟು ಬೋಲ್ಟಿನ ನಂಬರೂ ಇರುತ್ತೆ. ಆ ನಂಬರ್ ಇದ್ರೆ ಅಂಗಡಿಯವ್ರು ಮಾತಾಡೋ ರೀತಿನೇ ಬದಲಾಗುತ್ತೆ. ಇನ್ನು ಫಿಯಟ್ ಅಂತ ಪ್ರಿಂಟ್ ಆಗಿರೋ ಡಬ್ಬೀನೇ ಬೇಕು ಅಂತ ಹಠ ಬೇಡ, ಕಾರ್ ಕಂಪನಿ ಬೇರಿಂಗ್, ಕ್ಲಚ್, ಫಿಲ್ಟರ್ ಎಲ್ಲಾ ತಾನೇ ಮಾಡಲ್ಲ, ಈ ಇಂಜಿನ್ನಿನ ಡೀಸೆಲ್ ಸಿಸ್ಟಮ್ ಬಾಶ್ ಕಂಪನೀದು, ಅದೇ ಥರ ಬೇರೆ ಸಾಮಾನು ಮಾಡಿದ ಕಂಪನಿಗಳೂ ತಮ್ಮ ಹೆಸರಲ್ಲೇ ಮಾರ್ತಾರೆ, ಕ್ವಾಲಿಟಿ ಚೆನ್ನಾಗಿರುತ್ತೆ, ರೇಟೂ ಕಮ್ಮಿ. ಹೆಸರೇ ಇಲ್ಲದ ಲೋಕಲ್ ರಬ್ಬರ್ ಬುಷ್ಷಿಂದ ಮಾತ್ರ ದೂರ ಇರಿ, ನಮ್ಮ ರಸ್ತೆ ಗುಂಡಿಗಳಿಗೆ ಅದು ಒಂದು ಮಳೆಗಾಲ ತಡೆಯಲ್ಲ.

ಬಿಲ್ ಕೇಳಿ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಆಟೋ ಪಾರ್ಟ್ಸ್ ಎಲ್ಲದಕ್ಕೂ ಜಿಎಸ್‌ಟಿ 18 ಪರ್ಸೆಂಟ್ ಆಗಿದೆ, ಮುಂಚೆ ಹೆಚ್ಚಿನವಕ್ಕೆ 28 ಇತ್ತು, ಹಳೇ ಸ್ಟಾಕ್ ಡಬ್ಬಿ ಮೇಲೆ ಹಳೇ ಎಂಆರ್‌ಪಿನೇ ಇರುತ್ತೆ, ಕೇಳಿದ್ರೆ ಕಮ್ಮಿ ಮಾಡ್ತಾರೆ.

ಎಲ್ಲೂ ಸಿಗದ ಸಾಮಾನಿಗೂ ಒಂದು ದಾರಿ ಇದೆ. ಪುಂಟೋದಲ್ಲಿ ಇರೋದು ಹೈಡ್ರಾಲಿಕ್ ಪವರ್ ಸ್ಟೀರಿಂಗ್, ಗಾಡಿ ಹಳೇದಾದ್ಮೇಲೆ ಅದರ ಪ್ರೆಶರ್ ಹೋಸ್ ಲೀಕ್ ಆಗುತ್ತೆ. ನಂಗೆ ಹೊಸ ಹೋಸ್ ಎಲ್ಲೂ ಸಿಗ್ಲಿಲ್ಲ. ಆ ಯಜಮಾನ್ರೇ ಕಲಾಸಿಪಾಳ್ಯ ಕಡೆ ಲಾರಿ, ಜೆಸಿಬಿಗಳಿಗೆ ಹೈಡ್ರಾಲಿಕ್ ಹೋಸ್ ಮಾಡ್ಕೊಡೋ ಅಂಗಡಿಗೆ ಹೋಗಿ ಅಂದ್ರು. ಅಲ್ಲಿ ಹೋಸ್‌ನ ಎರಡೂ ತುದಿಯ ಕಬ್ಬಿಣದ ಪೈಪ್ ಹಾಗೇ ಉಳಿಸ್ಕೊಂಡು, ಹಳೇ ಕಾಲರ್ ಕೊಯ್ದು ತೆಗೆದು, ಮಧ್ಯಕ್ಕೆ ಅಷ್ಟೇ ಉದ್ದದ ಹೊಸ ರಬ್ಬರ್ ಹೋಸ್ ಸೇರಿಸಿ, ಹೊಸ ಕಾಲರ್ ಹಾಕಿ ಮೆಷಿನ್ನಲ್ಲಿ ಸುತ್ತಲಿಂದ ಒಂದೇ ಸಲ ಒತ್ತಿ ಕ್ರಿಂಪ್ ಮಾಡಿದ್ರು, ಒಂದು ಕಾಫಿ ಕುಡಿಯೋಷ್ಟರಲ್ಲಿ ಕೆಲಸ ಆಯ್ತು. ಎರಡು ವಿಷ್ಯ ಗಮನ ಇಡಿ: ಪವರ್ ಸ್ಟೀರಿಂಗ್ ಆಯಿಲ್ಲಿಗೆ, ಬಿಸಿಗೆ ತಡೆಯೋ ಹೋಸೇ ಹಾಕಿ ಅಂತ ಬಾಯ್ಬಿಟ್ಟು ಹೇಳಿ, ಮತ್ತೆ ಕ್ರಿಂಪ್ ಮಾಡೋ ಮುಂಚೆ ಎರಡು ತುದಿಗಳು ಯಾವ ದಿಕ್ಕಿಗೆ ತಿರುಗಿದ್ವು ಅಂತ ಮಾರ್ಕ್ ಹಾಕಿಸಿ, ಇಲ್ಲಾಂದ್ರೆ ಗಾಡಿಗೆ ಜೋಡಿಸುವಾಗ ಹೋಸ್ ತಿರುಚ್ಕೊಂಡು ಬೇಗ ಹೋಗುತ್ತೆ.

ಶಿವಾಜಿನಗರ ಗುಜರಿ ಬಗ್ಗೆ ಜನ ಎರಡು ಥರ ಮಾತಾಡ್ತಾರೆ. ನನ್ನ ಅನಿಸಿಕೆ, ಬಾಡಿ ಸಾಮಾನಿಗೆ ತುಂಬಾ ಒಳ್ಳೆದು. ಡೋರ್ ಹ್ಯಾಂಡಲ್, ಮಿರರ್, ಪವರ್ ವಿಂಡೋ ಸ್ವಿಚ್, ಬಂಪರ್ ಬ್ರಾಕೆಟ್, ಗ್ಲೋವ್ ಬಾಕ್ಸ್ ಮುಚ್ಚಳ, ಇಂಥವೆಲ್ಲಾ ಹೊಸದು ಹುಡುಕೋದೇ ಕಷ್ಟ, ಅಲ್ಲಿ ಒಡೆದು ಹಾಕಿದ ಗಾಡೀದು ಒರಿಜಿನಲ್ಲೇ ಸಿಗುತ್ತೆ. ಚೌಕಾಸಿ ಮಾಡ್ಲೇಬೇಕು, ನಗ್ತಾ ಮಾಡಿ, ಅವರೂ ನಗ್ತಾನೇ ಕಮ್ಮಿ ಮಾಡ್ತಾರೆ. ಆದ್ರೆ ಬ್ರೇಕ್, ಸ್ಟೀರಿಂಗ್, ಟೈ ರಾಡ್ ಥರ ಜೀವಕ್ಕೆ ಸಂಬಂಧಪಟ್ಟಿದ್ದನ್ನ ಅಲ್ಲಿಂದ ಯಾವತ್ತೂ ತರಬೇಡಿ. ಇಸಿಎಂ, ಅಂದ್ರೆ ಇಂಜಿನ್ ಕಂಪ್ಯೂಟರ್ ಕೂಡ ಬೇಡ. ಫಿಯಟ್‌ನಲ್ಲಿ ಕೀ, ಬಾಡಿ ಕಂಪ್ಯೂಟರ್, ಇಂಜಿನ್ ಇಸಿಎಂ ಮೂರೂ ಕೋಡಲ್ಲಿ ಜೋಡಿ ಆಗಿರುತ್ತೆ, ಬೇರೆ ಗಾಡಿ ಇಸಿಎಂ ತಂದು ಸಿಕ್ಕಿಸಿದ್ರೆ ಇಮೊಬಿಲೈಸರ್ (ಕಳ್ಳತನ ತಡೆಯೋ ಲಾಕ್) ಸ್ಟಾರ್ಟ್ ಆಗೋಕೇ ಬಿಡಲ್ಲ. ಗಾಡಿ ಜೊತೆ ಬಂದ ಕೋಡ್ ಕಾರ್ಡ್ ಇದ್ರೆ ಜೋಪಾನವಾಗಿಡಿ, ಕಳೆದ್ರೆ ಮುಂದೆ ಕೀ ಮಾಡ್ಸೋಕೂ ಪರದಾಡ್ಬೇಕು.

ಆನ್‌ಲೈನಲ್ಲಿ ನಾನು ಹೆಚ್ಚು ಬಳಸೋದು ಬೂಡ್‌ಮೋ ಅನ್ನೋ ಪಾರ್ಟ್ಸ್ ಮಾರೋ ಸೈಟ್. ಪಾರ್ಟ್ ನಂಬರ್ ಹೊಡೆದ್ರೆ ಕಂಪನಿದು ಯಾವುದು, ಅದಕ್ಕೆ ಸಮವಾದ ಬೇರೆ ಬ್ರಾಂಡ್ ಯಾವುದು, ಯಾವ ಮಾರಾಟಗಾರ ಎಷ್ಟಕ್ಕೆ ಕೊಡ್ತಾನೆ ಅಂತ ಎಲ್ಲಾ ತೋರಿಸುತ್ತೆ. ದೇಶದ ಯಾವುದೋ ಮೂಲೆಯ ಡೀಲರ್ ಹತ್ರ ಉಳಿದಿರೋ ಹಳೇ ಸ್ಟಾಕ್ ನಮಗೆ ಸಿಗೋದು ಹೀಗೇ. ಕ್ಲಚ್ ಸ್ಲೇವ್ ಸಿಲಿಂಡರ್ ನಂಗೆ ಹಾಗೇ ಸಿಕ್ತು, ಪ್ಯಾಕಿಂಗ್ ಚೆನ್ನಾಗಿತ್ತು, ಸರಿಯಾಗಿ ಕೂತಿದೆ. ಅಲ್ಲಿ ತಗೊಳ್ಳೋ ಉದ್ದೇಶ ಇಲ್ದಿದ್ರೂ ಜೆಸಿ ರೋಡಿಗೆ ಹೋಗೋ ಮುಂಚೆ ಒಂದ್ಸಲ ರೇಟ್ ನೋಡ್ಕೊಂಡು ಹೋದ್ರೆ ಅನುಕೂಲ.

ಕಂಪನಿ ಕೌಂಟರ್ ಅಂದ್ರೆ ಈಗ ಜೀಪ್ ಸರ್ವೀಸ್ ಸೆಂಟರ್‌ಗಳು, ಅಲ್ಲಿ ಚಾಸಿಸ್ ನಂಬರ್ ಕೊಟ್ರೆ ಮೋಪಾರ್ ಅನ್ನೋ ಕಂಪನಿಯದೇ ಬ್ರಾಂಡ್ ಹೆಸರಲ್ಲಿ ಒರಿಜಿನಲ್ ಪಾರ್ಟ್ಸ್ ತರಿಸಿ ಕೊಡ್ತಾರೆ. ಇಂಜಿನ್ ಮೌಂಟಿಂಗ್ ನಾನು ಅಲ್ಲೇ ತಗೊಂಡೆ, ಮೌಂಟಿಂಗಿಗೆ ಮಾತ್ರ ಒರಿಜಿನಲ್ ಬಿಟ್ಟು ಬೇರೆ ಹಾಕ್ಸಬೇಡಿ, ಲೋಕಲ್ ಹಾಕಿದ್ರೆ ಐಡ್ಲಲ್ಲಿ ಇಡೀ ಗಾಡಿ ನಡುಗುತ್ತೆ. ಇನ್ನೊಂದು ಸರ್ವೀಸ್ ಸೆಂಟರಲ್ಲಿ, ಹೆಸರು ಬೇಡ, ಪೂರ್ತಿ ಅಡ್ವಾನ್ಸ್ ತಗೊಂಡು ಬ್ಯಾಕ್ ಆರ್ಡರ್ (ಸ್ಟಾಕ್ ಇಲ್ಲ, ಬಂದ ಮೇಲೆ ಕೊಡ್ತೀವಿ) ಬ್ಯಾಕ್ ಆರ್ಡರ್ ಅಂತ ತಿಂಗಳುಗಟ್ಟಲೆ ಸತಾಯಿಸಿ ಕೊನೆಗೆ ದುಡ್ಡು ವಾಪಸ್ ತಗೊಳ್ಳೋಕೂ ಓಡಾಡೋ ಹಾಗೆ ಮಾಡಿದ್ರು, ತುಂಬಾ ನೋವಾಯ್ತು. ಆದ್ದರಿಂದ ಅಡ್ವಾನ್ಸ್ ಕೊಡೋ ಮುಂಚೆ ಸಾಮಾನು ಗೋಡೌನಲ್ಲಿ ಇದೆಯಾ ಇಲ್ವಾ ಅಂತ ಸಿಸ್ಟಮ್ಮಲ್ಲಿ ತೋರಿಸೋಕೆ ಹೇಳಿ, ಬರೋ ತಾರೀಖು ಬರೆಸ್ಕೊಳ್ಳಿ.

ಪಾರ್ಟ್ಸಿಗೆ ದುಡ್ಡು ಹಾಕೋ ಮುಂಚೆ ಹೋಗಿರೋದು ಯಾವುದು ಅಂತ ಖಚಿತ ಮಾಡ್ಕೊಳ್ಳಿ. ಮಲ್ಟಿಇಸಿಯುಸ್ಕ್ಯಾನ್ ಅನ್ನೋ ಸಾಫ್ಟ್‌ವೇರ್ ಫಿಯಟ್ ಗುಂಪಿನ ಗಾಡಿಗಳಿಗೇ ಅಂತ ಇರೋದು, ಲ್ಯಾಪ್‌ಟಾಪು, ಒಂದು ಕೇಬಲ್ ಇದ್ರೆ ಸಾಕು, ಯಾವ ಸೆನ್ಸರ್ ಏನು ಓದ್ತಿದೆ ಅಂತ ಕಾಣುತ್ತೆ. ಗ್ಯಾರೇಜಲ್ಲಿ ಅಂದಾಜಿನ ಮೇಲೆ ಒಂದೊಂದೇ ಸೆನ್ಸರ್ ಬದಲಾಯಿಸ್ತಾ ಹೋಗೋದಕ್ಕಿಂತ ಇದು ಎಷ್ಟೋ ವಾಸಿ.

ಪೆಟ್ರೋಲ್ ಪುಂಟೋದೋರಿಗೆ ಒಂದು ಮಾತು, ನಿಮ್ಮ ಫೈರ್ ಇಂಜಿನ್ನಲ್ಲಿ ಚೈನಲ್ಲ, ಟೈಮಿಂಗ್ ಬೆಲ್ಟ್, ಹೊತ್ತಿಗೆ ಸರಿಯಾಗಿ ಬದಲಾಯಿಸ್ಲೇಬೇಕು, ಬೆಲ್ಟ್ ಬಿಗಿ ಇಡೋ ಟೆನ್ಷನರ್ ಸಮೇತ, ಸಿಕ್ಕಿದಾಗ ಒಂದು ಸೆಟ್ ತಂದು ಮನೇಲಿಟ್ಟಿರಿ. ಟರ್ಬೊ ಪೆಟ್ರೋಲ್ ಇಂಜಿನ್ನಿನ ಲೀನಿಯಾ ಟಿ-ಜೆಟ್ ಇಟ್ಕೊಂಡಿರೋರ ಕಷ್ಟ ಇನ್ನೂ ಜಾಸ್ತಿ, ನಮ್ಮ ಥರ ಮಾರುತಿ ಡಬ್ಬಿ ಆಸರೆ ಅವರಿಗಿಲ್ಲ.

ಜೆಸಿ ರೋಡಿಗೆ ಕಾರ್ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಸಿಗಲ್ಲ. ಕೆ.ಆರ್. ಮಾರ್ಕೆಟ್ ಮೆಟ್ರೋಲಿ ಇಳಿದು ನಡ್ಕೊಂಡು ಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ವಾರದ ದಿನ ಮಧ್ಯಾಹ್ನದ ಒಳಗೆ ಹೋದ್ರೆ ಕೌಂಟರಲ್ಲಿ ಮಾತಾಡೋಕೆ ಪುರುಸೊತ್ತು ಇರುತ್ತೆ.

ನಂಗೆ ಇನ್ನೂ ಸಿಗದೇ ಇರೋದು ಎಡಗಡೆ ಹೆಡ್‌ಲ್ಯಾಂಪ್, ಹಳೇ ಪುಂಟೋದು, 2014ರಲ್ಲಿ ಬಂದ ಹೊಸ ರೂಪದ ಪುಂಟೋ ಇವೋದಲ್ಲ. ಈಗಿರೋದ್ರ ಒಳಗೆ ಮಳೆ ನೀರು ಹೋಗಿ ರಿಫ್ಲೆಕ್ಟರ್ ಮಂಕಾಗಿದೆ, 15 ವರ್ಷ ಮುಗಿದು ಆರ್‌ಸಿ ರಿನ್ಯೂವಲ್‌ಗೆ ಗಾಡಿ ತೋರಿಸ್ಬೇಕು, ಲೈಟ್ ಸರಿ ಇರ್ಲೇಬೇಕು. ಯಾರ ಹತ್ರಾನಾದ್ರೂ ಬ್ರಾಕೆಟ್ ಮುರಿಯದೇ ಇರೋದು ಇದ್ರೆ ದಯವಿಟ್ಟು ತಿಳಿಸಿ, ಮೈಸೂರು, ತುಮಕೂರು, ಹಾಸನ ಎಲ್ಲೇ ಇದ್ರೂ ಬಂದು ತಗೊಂಡು ಹೋಗ್ತೀನಿ.