ಒಂದೇ ಫಾರಂ, ಮೂರು ಕಟ್ಟಳೆ

ಹದಿನಾರು ಪುಟದ ಒಂದು ಫಾರಂ, ಅಂದರೆ ಮಡಚಿದರೆ ಹದಿನಾರು ಪುಟವಾಗುವ ಅಚ್ಚಿನ ಹಾಳೆ. ನೂರು ವರ್ಷಕ್ಕೂ ಹಳೆಯ ಅಚ್ಚು. ಮೇಲೆ ಭಾಮಿನಿ ಷಟ್ಪದಿಯ ಪದ್ಯ, ಕೆಳಗೆ ಸಣ್ಣ ಮೊಳೆಯಲ್ಲಿ ಟೀಕೆ, ಅದಕ್ಕೂ ಕೆಳಗೆ ಪಾಠಾಂತರಗಳು, ಎಂದರೆ ಬೇರೆ ಪ್ರತಿಗಳಲ್ಲಿ ಕಾಣುವ ಬೇರೆ ರೂಪಗಳು. ಇದನ್ನು ನಾನು ಮೂರು ಬಾರಿ, ಮೂರು ಬೇರೆ ಕಟ್ಟಳೆಗಳಲ್ಲಿ ಗಣಕಕ್ಕೆ ಇಳಿಸಿದೆ. ಹಳೆಯ ಪುಸ್ತಕಗಳ ಕೆಲಸಕ್ಕೆ ಹೊಸದಾಗಿ ಬರುವವರೆಲ್ಲ ಮೊದಲು ಕೇಳುವುದು ‘ಯಾವ ಕ್ರಮದಲ್ಲಿ ಮಾಡಲಿ?’ ಎಂದು. ಅಂದಾಜಿನ ಉತ್ತರ ಕೊಟ್ಟು ಕೊಟ್ಟು ನನಗೇ ನಾಚಿಕೆಯಾಗಿತ್ತು.

ಮೊದಲನೆಯದು ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್‌ನ ಕ್ರಮ. ಉಚಿತ ಇ-ಪುಸ್ತಕಗಳ ಭಂಡಾರವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ಪುಸ್ತಕ ಒದಗಿಸಲು 2000ದಲ್ಲಿ ಹುಟ್ಟಿದ ಕೂಟ ಅದು. ಎರಡನೆಯದು 2003ರಲ್ಲಿ ಆರಂಭವಾದ, ವಿಕಿಪೀಡಿಯ ಬಳಗದ ಪುಸ್ತಕ ಭಂಡಾರ ವಿಕಿಸೋರ್ಸ್‌ನದು. ಮೂರನೆಯದು ವಿದ್ವಾಂಸರ ಪ್ರೀತಿಯ ಟಿಇಐ (ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್), ಪಠ್ಯದ ಒಂದೊಂದು ಭಾಗಕ್ಕೂ ಟ್ಯಾಗ್ ಎಂಬ ಗುರುತು ಹಚ್ಚುವ ಕ್ರಮ. 1987ರಿಂದ ಬೆಳೆಯುತ್ತ ಬಂದು, ಈಗ ಬಳಕೆಯಲ್ಲಿರುವ ಪಿ5 ರೂಪ 2007ರಲ್ಲಿ ಹೊರಬಂತು. ಮೊದಲನೆಯದು ಹೆಚ್ಚಾಗಿ ರೋಮನ್ ಲಿಪಿಯ ಪುಸ್ತಕಗಳಿಗಾಗಿ ರೂಪುಗೊಂಡದ್ದು. ಅದರ ನಿಯಮಗಳನ್ನು ನನ್ನ ಗಣಕದಲ್ಲಿ ಖಾಸಗಿಯಾಗಿ ಕನ್ನಡಕ್ಕೆ ಹೊಂದಿಸಿಕೊಂಡೆ.

ಯಾವ ಕಟ್ಟಳೆಗೂ ಸೇರದ ಕೆಲಸವೊಂದಿದೆ, ಅದು ಮೊದಲು ಮುಗಿಯಬೇಕು. ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಯಂತ್ರ ಅರ್ಕಾವೊತ್ತನ್ನು ಕನ್ನಡದ ಒಂಬತ್ತೆಂದು ಓದುತ್ತದೆ, ಅನುಸ್ವಾರವನ್ನು ಸೊನ್ನೆಯ ಅಂಕಿ ಎಂದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಅಲ್ಲ. ಪದದ ನಡುವೆ ಅಂಕಿ ಸಿಕ್ಕರೆ ಹಿಡಿಯಿರಿ. ಱ, ೞ ಕಂಡಲ್ಲಿ ಅವನ್ನೇ ಉಳಿಸಿ. ರ, ಳ ಮಾಡಿ ‘ಸರಳಗೊಳಿಸುವ’ ಉಪಕಾರ ಬೇಡ.

ನಿಜವಾದ ಪರೀಕ್ಷೆ ಪದ್ಯದಲ್ಲಿ. ಭಾಮಿನಿಯ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಆ ಉದ್ದದ ಸಾಲುಗಳು ಕಿರಿದಾದ ಪುಟದಲ್ಲಿ ಹಿಡಿಸದೆ ಮುರಿದು ಕೆಳಗಿಳಿಯುತ್ತವೆ. ವಿಕಿಸೋರ್ಸ್‌ನ ‘ಪೊಯೆಮ್’ ಟ್ಯಾಗ್ ನೀವು ಹೊಡೆದ ಸಾಲನ್ನು ಹಾಗೆಯೇ ಹಿಡಿದಿಡುತ್ತದೆ, ತಕರಾರು ಎತ್ತುವುದಿಲ್ಲ. ಮೊದಲ ಮೂರು ಪುಟಗಳಲ್ಲಿ ನಾನು ಪುಟದಲ್ಲಿ ಕಂಡಂತೆ ಹೊಡೆದೆ. ಷಟ್ಪದಿಯನ್ನು ಅಷ್ಟಪದಿ ಮಾಡಿದ ಕೀರ್ತಿ ನನ್ನದು. ಪ್ರೂಫ್‌ರೀಡರ್ಸ್‌ನ ನಿಯಮ ಇಲ್ಲಿ ಸ್ಪಷ್ಟ: ಪದ್ಯವನ್ನು /* ಮತ್ತು */ ಗುರುತುಗಳ ನಡುವೆ ಇಡು, ಸ್ಥಳ ಸಾಲದೆ ಮುರಿದ ತುಂಡನ್ನು ಮೇಲಿನ ಸಾಲಿಗೆ ಸೇರಿಸು. ಯಾವುದು ಸಾಲು, ಯಾವುದು ತುಂಡು ಎಂದು ತಿಳಿಯುವ ಬಗೆ ನಮ್ಮ ಛಂದಸ್ಸಿನಲ್ಲೇ ಇದೆ. ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡಿ. ಪ್ರಾಸ ಕೂಡದಿದ್ದರೆ ಅದು ತುಂಡು. ಟಿಇಐ ಎರಡನ್ನೂ ಉಳಿಸುತ್ತದೆ. ಕವಿಯ ಸಾಲಿಗೆ ಒಂದು ಟ್ಯಾಗ್, ಅಚ್ಚುಮೊಳೆ ಜೋಡಿಸಿದವನು ಮುರಿದ ಜಾಗಕ್ಕೆ ಇನ್ನೊಂದು. ಓದುಗನಿಗೆ ಎರಡನೆಯದು ಬೇಕೇ? ನನಗೆ ಬೇಕಾಗಲಿಲ್ಲ.

ಪದ ಒಡೆಯುವುದು ಇನ್ನೊಂದು ತಲೆನೋವು. ಸಾಲಿನ ಕೊನೆಗೆ ‘ಮನೆ-’ ಎಂದು ನಿಂತು ಕೆಳಗೆ ‘ಮಠ’ ಬಂದರೆ, ಆ ಅಡ್ಡಗೆರೆ ಲೇಖಕರದ್ದೋ ಅಚ್ಚುಕೂಟದ್ದೋ? ಹಳಬರು ಜೋಡುಪದಗಳ ನಡುವೆ ಗೆರೆ ಹಾಕುತ್ತಿದ್ದುದೂ ಉಂಟು. ಪ್ರೂಫ್‌ರೀಡರ್ಸ್ ಕ್ರಮದಲ್ಲಿ ಪದ ಕೂಡಿಸಿ, ಅನುಮಾನವಿದ್ದರೆ ಗೆರೆಯ ಪಕ್ಕ ನಕ್ಷತ್ರ ಇಡುತ್ತಾರೆ: ಮನೆ-*ಮಠ. ಒಂದು ಚುಕ್ಕೆಯಷ್ಟು ಖರ್ಚಿನಲ್ಲಿ ‘ನನಗೆ ಖಚಿತವಿಲ್ಲ’ ಎಂದು ಮುಂದಿನವರಿಗೆ ಹೇಳಿದಂತಾಯಿತು. ವಿಕಿಸೋರ್ಸ್ ಪುಟಗಳನ್ನು ಪೋಣಿಸುವಾಗ ಪುಟದ ಕೊನೆಯ ಗೆರೆಯನ್ನು ತಾನೇ ನುಂಗಿ ಪದ ಕೂಡಿಸುತ್ತದೆ, ಸೊಗಸು. ಆದರೆ ನನ್ನ ಫಾರಂನಲ್ಲಿ ಕೆಲವು ಪದಗಳು ಗೆರೆಯಿಲ್ಲದೆಯೇ ಒಡೆದಿದ್ದವು. ಒಂದು ಪುಟ ‘ಹೋಗಿ’ ಎಂದು ಮುಗಿದರೆ ಮುಂದಿನದು ‘ದ್ದನು’ ಎಂದು ಆರಂಭ. ಯಂತ್ರ ನಡುವೆ ಜಾಗ ಬಿಟ್ಟು ‘ಹೋಗಿ ದ್ದನು’ ಮಾಡಿತು. ಅಂಥಲ್ಲಿ ಮೂಲದಲ್ಲಿಲ್ಲದ ಗೆರೆಯನ್ನು ನಾನೇ ಹಾಕುತ್ತೇನೆ. ಅಧ್ಯಾಯ ಕೂಡಿದಾಗ ಅದು ಹೇಗೂ ಮಾಯವಾಗುತ್ತದೆ.

ದಪ್ಪ, ಓರೆ ಅಕ್ಷರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೂಫ್‌ರೀಡರ್ಸ್‌ನ ಕೈಪಿಡಿಯಲ್ಲಿ ಓರೆ ಅಕ್ಷರಕ್ಕೆ ದೊಡ್ಡ ಸ್ಥಾನವಿದೆ, ನನ್ನ ಹದಿನಾರು ಪುಟಗಳಲ್ಲಿ ಒಂದೂ ಓರೆ ಮೊಳೆ ಇರಲಿಲ್ಲ.

ಅಚ್ಚಿನ ತಪ್ಪುಗಳ ವಿಷಯಕ್ಕೆ ಬಂದರೆ ಟಿಇಐಗೆ ತಲೆಬಾಗಬೇಕು. ಅಚ್ಚಾದ ರೂಪ, ತಿದ್ದಿದ ರೂಪ ಎರಡೂ ಒಂದೇ ಪೊಟ್ಟಣದಲ್ಲಿ ಕೂರುತ್ತವೆ. ಪಾಠಾಂತರಕ್ಕಂತೂ ಪ್ರತ್ಯೇಕ ವ್ಯವಸ್ಥೆಯೇ ಇದೆ: ಯಾವ ಪ್ರತಿಯಲ್ಲಿ ಯಾವ ಪಾಠ ಎಂದು ಬೇರೆಬೇರೆಯಾಗಿ ದಾಖಲಿಸಬಹುದು. ವಿಕಿಸೋರ್ಸ್‌ನಲ್ಲಿ ಅವನ್ನೆಲ್ಲ ಸಾಮಾನ್ಯ ಅಡಿಟಿಪ್ಪಣಿಗಳಂತೆ ‘ರೆಫ್’ ಟ್ಯಾಗಿನೊಳಗೆ ತುರುಕಿದೆ. ಟೀಕೆಯೂ ಪಾಠಾಂತರವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವು. ಪ್ರೂಫ್‌ರೀಡರ್ಸ್‌ನ ಬುದ್ಧಿ ಮಾತ್ರ ನನಗೆ ಎಲ್ಲಕ್ಕಿಂತ ಹಿಡಿಸಿತು: ತಿದ್ದಬೇಡ, ಇದ್ದದ್ದನ್ನು ಇದ್ದಂತೆ ಬಿಡು, ಪಕ್ಕದಲ್ಲಿ [** ಎಂದು ಆರಂಭಿಸಿ ಸಂಶಯ ಬರೆ. ನಾನು ತಿದ್ದಿದ ಒಂದು ‘ತಪ್ಪು’ ಹಳಗನ್ನಡದ ಸರಿಯಾದ ರೂಪವೆಂದು ಪುಸ್ತಕದ ಕೊನೆಯ ಒಪ್ಪೋಲೆ (ಅಚ್ಚಿನ ತಪ್ಪುಗಳ ಪಟ್ಟಿ) ನೋಡಿದ ಮೇಲೆ ಗೊತ್ತಾಯಿತು. ಆ ಪುಟದ ಇನ್ನೆರಡು ತಪ್ಪುಗಳನ್ನು ಅದು ಹೆಸರಿಟ್ಟು ಹೇಳಿತ್ತು, ಇದರ ಸುದ್ದಿಯನ್ನೇ ಎತ್ತಿರಲಿಲ್ಲ. ನಿಘಂಟು ತೆರೆದೆ, ಪದ ಅಲ್ಲೇ ಇತ್ತು.

ಫಾರಂನ ಮೊದಲ ಪುಟದಡಿ ಒಂಟಿಯಾಗಿ ಒಂದು ಅಂಕಿ ಇತ್ತು. ಅದಕ್ಕೆ ಹೊಂದುವ ಅಡಿಟಿಪ್ಪಣಿಗಾಗಿ ಅರ್ಧ ಗಂಟೆ ಹುಡುಕಿದೆ. ಹಾಳೆ ಮಡಚುವವರಿಗಾಗಿ ಅಚ್ಚುಕೂಟ ಹಾಕಿದ ಫಾರಂ ಸಂಖ್ಯೆ ಅದು! ಪ್ರೂಫ್‌ರೀಡರ್ಸ್ ಅದನ್ನು ಕಿತ್ತೆಸೆಯುತ್ತದೆ, ಟಿಇಐ ಹೆಸರಿಟ್ಟು ಕಾಪಾಡುತ್ತದೆ, ವಿಕಿಸೋರ್ಸ್‌ನಲ್ಲಿ ಪುಟದ ಅಡಿಭಾಗದ ಪೆಟ್ಟಿಗೆಗೆ ಹಾಕಿದರೆ ಅಧ್ಯಾಯದಲ್ಲಿ ಕಾಣಿಸದು.

ಲೆಕ್ಕ ಹೀಗಿದೆ. ಮೊದಲ ಕ್ರಮಕ್ಕೆ ಮೂರು ಸಂಜೆ, ವಿಕಿಸೋರ್ಸ್‌ಗೆ ನಾಲ್ಕು, ಟಿಇಐಗೆ ಹನ್ನೊಂದು. ಅದರಲ್ಲೊಂದು ಸಂಜೆ ಮುಚ್ಚಲು ಮರೆತ ಒಂದೇ ಟ್ಯಾಗನ್ನು ಹುಡುಕಿದ್ದು. ಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರು ಆ ಹನ್ನೊಂದನ್ನು ಕೊಡಲಿ. ಬಿಡುವಿನ ವೇಳೆಯಲ್ಲಿ ಕೂರುವ ನಮ್ಮಂಥವರಿಗೆ ವಿಕಿಸೋರ್ಸ್ ಸಾಕು, ಪಕ್ಕದಲ್ಲೇ ಮೂಲಪುಟದ ಚಿತ್ರ ಇರುತ್ತದಲ್ಲ. ಮೊದಲ ಕ್ರಮದಿಂದ ಎರಡನ್ನು ನಾನು ಸಾಲ ತಂದಿದ್ದೇನೆ: ಮುರಿದ ಪದ್ಯದ ಸಾಲು ಕೂಡಿಸುವುದು, ಸಂಶಯವನ್ನು ತಿದ್ದದೆ ಬರೆದಿಡುವುದು. ಎರಡನೆಯದಕ್ಕೆ ಆಯಾ ಪುಟದ ಚರ್ಚೆಯ ಜಾಗವನ್ನೇ ಬಳಸುತ್ತೇನೆ.

ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ್ದು ಹಸಿರು. ಹದಿನಾರರಲ್ಲಿ ಹನ್ನೊಂದು ಪುಟ ಈಗ ಹಸಿರು, ಐದು ಇನ್ನೂ ಹಳದಿ. ಒಮ್ಮೆ ನಾನೇ ತಿದ್ದಿದ ಪುಟವನ್ನು ನಾನೇ ಹಸಿರು ಮಾಡುವಂತಿಲ್ಲ, ಇನ್ನೊಬ್ಬರ ಕಣ್ಣು ಬೇಕು. 9ನೆಯ ಪುಟದ ಮೂರನೆಯ ಪದ್ಯದಲ್ಲಿ ಹುಳು ತಿಂದ ತೂತು ಸರಿಯಾಗಿ ಪ್ರಾಸಾಕ್ಷರದ ಮೇಲೆಯೇ ಬಿದ್ದಿದೆ. ಉಳಿದ ಐದು ಸಾಲು ಅಲ್ಲಿ ‘ರ’ ಇತ್ತೆನ್ನುತ್ತವೆ, ನಾನು ಖಾಲಿ ಬಿಟ್ಟಿದ್ದೇನೆ.