ಕುಪ್ಪಿಯೋ ಪೆನ್ನೋ: ಹಿರಿಯರಿಗೆ ಮನೆಯಲ್ಲೇ ಇನ್ಸುಲಿನ್ ಕೊಡುವವರಿಗೆ

ಮಂಗಳೂರಿನ ಡಾಕ್ಟರು ಇನ್ಸುಲಿನ್ ಪೆನ್ನು ಬರೆದುಕೊಡುತ್ತಾರೆ, ಊರಿನ ಆರೋಗ್ಯ ಕೇಂದ್ರದಲ್ಲಿ ಸಿರಿಂಜಿನಿಂದ ಎಳೆದು ಕೊಡುವ ಕುಪ್ಪಿ ಸಿಗುತ್ತದೆ. ಹೀಗೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಒಂದೇ ಫ್ರಿಜ್ಜಿಗೆ ಎರಡೂ ಬಂದು ಸೇರುತ್ತವೆ. ಎರಡನ್ನೂ ದಿನಾ ಬಳಸಿ ಹೋಲಿಸಿದ ಮೇಲೆ ನಮ್ಮ ಅಭಿಪ್ರಾಯ ಇದು: ಅಜ್ಜ ಅಥವಾ ಅಜ್ಜಿ ತಾವೇ ಚುಚ್ಚಿಕೊಳ್ಳುವುದಾದರೆ ಪೆನ್ನು, ಕಣ್ಣು ಚೆನ್ನಾಗಿರುವ ಇನ್ನೊಬ್ಬರು ದಿನವೂ ಕೊಡುವುದಾದರೆ ಕುಪ್ಪಿ ಸಾಕು. ಎರಡನ್ನೂ ಬೆರೆಸಿ ನಡೆಸುವುದು ಮಾತ್ರ ಬೇಡವೇ ಬೇಡ.

ಕಾರಣ ಲೆಕ್ಕದಲ್ಲಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕುಪ್ಪಿಯಲ್ಲಿ 1 ಮಿ.ಲೀ.ಗೆ 40 ಯೂನಿಟ್, ಪೆನ್ನಿನೊಳಗೆ ಕೂರುವ ಮದ್ದಿನ ಕೊಳವೆ, ಅಂದರೆ ಕಾರ್ಟ್ರಿಜ್‌ನಲ್ಲಿ 100. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ಗೇ ಕುಪ್ಪಿಗೆಂದೇ ಇರುವ ಕೆಂಪು ಮುಚ್ಚಳದ 40ರ ಸಿರಿಂಜ್ ಚುಚ್ಚಿ 12ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 30 ಯೂನಿಟ್. ಎಪ್ಪತ್ತೈದು ದಾಟಿದವರಿಗೆ ಅದು ಪ್ರಾಣಕ್ಕೆ ಕುತ್ತು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ ಕುಪ್ಪಿಯ ಮದ್ದು 12ರವರೆಗೆ ತೆಗೆದರೆ ಸಿಗುವುದು 5 ಯೂನಿಟ್‌ಗಿಂತಲೂ ಕಡಿಮೆ. ಶುಗರ್ ಏಕೆ ಇಳಿಯುತ್ತಿಲ್ಲವೆಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಚೀಟಿ ಮಲಯಾಳದಲ್ಲಿದ್ದರೆ ಡಬ್ಬಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿಡಿ: ಯಾವ ಇನ್ಸುಲಿನ್, ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು, ಯಾವ ಬಣ್ಣದ ಮುಚ್ಚಳ.

ಕುಪ್ಪಿಯ ಕೆಲಸದಲ್ಲಿ ಹೆಜ್ಜೆಗಳು ಹೆಚ್ಚು. ಹಾಲಿನ ಬಣ್ಣದ ಮದ್ದಾದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡಬೇಕು. ಕುಲುಕಿದರೆ ನೊರೆಯೆದ್ದು ಅಳತೆ ತಪ್ಪುತ್ತದೆ. ಮದ್ದು ಎಷ್ಟು ಬೇಕೋ ಅಷ್ಟೇ ಗಾಳಿ ಒಳಗೆ ತಳ್ಳಿ, ಕುಪ್ಪಿ ಮಗುಚಿ, ಮದ್ದು ಎಳೆದು, ಗುಳ್ಳೆ ತಟ್ಟಿ ಹೊರಹಾಕಬೇಕು. ಸಿರಿಂಜಿನ ಒಂದೊಂದು ಗೆರೆ ಒಂದೊಂದು ಯೂನಿಟ್. ಕಣ್ಣಿಗೆ ಪೊರೆ ಬಂದವರು ಚಿಮಿಣಿ ದೀಪದಂಥ ಮಂದ ಬೆಳಕಿನಲ್ಲಿ 8 ಮತ್ತು 10ರ ವ್ಯತ್ಯಾಸ ಕಾಣಲಾರರು. ಸೂಜಿಯೂ ಉದ್ದ, 6 ಅಥವಾ 8 ಮಿ.ಮೀ. ಬಡಕಲು ಮೈಯವರಿಗೆ ಚರ್ಮ ಚಿವುಟಿ ಎತ್ತಿ ಹಿಡಿದು ಓರೆಯಾಗಿ ಚುಚ್ಚದಿದ್ದರೆ ಮಾಂಸಖಂಡಕ್ಕೆ ಇಳಿದು ಮದ್ದು ಬೇಗ ಏರುತ್ತದೆ.

ಪೆನ್ನಿನಲ್ಲಿ ಪ್ರತಿ ಯೂನಿಟ್‌ಗೂ ಟಿಕ್ ಎಂಬ ಸದ್ದು ಕೇಳುತ್ತದೆ, ಸೂಜಿ 4 ಮಿ.ಮೀ. ಸಾಕು. ಆದರೆ ಸದ್ದನ್ನೇ ನಂಬಬಾರದು, ಪೆನ್ನಿನ ಪುಟ್ಟ ಕಿಟಕಿಯಲ್ಲಿ ಕಾಣುವ ಅಂಕೆ ಓದಲೇಬೇಕು. ಇಲ್ಲಿ ತಪ್ಪುವುದು ಮೂರು ಕಡೆ. ಚುಚ್ಚುವ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಕಾಣಿಸಿತೇ ಎಂದು ನೋಡುವುದಿಲ್ಲ. ಗುಂಡಿ ಒತ್ತಿ, ಹತ್ತು ಎಣಿಸುವ ಮೊದಲೇ ಸೂಜಿ ಕೀಳುತ್ತಾರೆ, ಮದ್ದು ಚರ್ಮದ ಮೇಲೆ ಒಸರುತ್ತದೆ. ಸೂಜಿಯನ್ನು ಪೆನ್ನಿನಲ್ಲೇ ಬಿಡುತ್ತಾರೆ, ಕಾರ್ಟ್ರಿಜ್ ಒಳಗೆ ಗಾಳಿ ಸೇರಿ ಮುಂದಿನ ಡೋಸು ಕಡಿಮೆಯಾಗುತ್ತದೆ. ಬೆರಳಿನ ಗಂಟು ನೋವಿದ್ದವರಿಗೆ ಗುಂಡಿ ಒತ್ತುವುದೂ ಕಷ್ಟ. ಕೊಳ್ಳುವ ಮೊದಲು ಅವರ ಕೈಯಲ್ಲೇ ಒತ್ತಿಸಿ ನೋಡಿ. ಒಂದು ಕಂಪನಿಯ ಕಾರ್ಟ್ರಿಜ್ ಇನ್ನೊಂದರ ಪೆನ್ನಿಗೆ ಹೊಂದುವುದಿಲ್ಲವಾದ್ದರಿಂದ, ಒಳನಾಡಿನ ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲವೆಂದರೆ ಪೇಚಾಟ. ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಖರ್ಚಿನಲ್ಲಿ ಕುಪ್ಪಿಯೇ ಹಗುರ. 10 ಮಿ.ಲೀ. ಕುಪ್ಪಿಯಲ್ಲಿ 400 ಯೂನಿಟ್, 3 ಮಿ.ಲೀ. ಕಾರ್ಟ್ರಿಜ್‌ನಲ್ಲಿ 300. ಬೆಳಗ್ಗೆ 12, ರಾತ್ರಿ 8 ತೆಗೆದುಕೊಳ್ಳುವವರಿಗೆ ಕುಪ್ಪಿ 20 ದಿನ ಬರುತ್ತದೆ. ಪೆನ್ನಿನಲ್ಲಿ ಗಾಳಿಗೆ ಬಿಡುವ 4 ಯೂನಿಟ್ ಸೇರಿ 12 ದಿನ.

ಸಂಗ್ರಹಣೆಯ ವಿಷಯದಲ್ಲಿ ನಮ್ಮ ಹವೆಯನ್ನು ಮರೆಯುವಂತಿಲ್ಲ. ತೆರೆಯದ್ದು ಎರಡೂ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ. ತೆರೆದದ್ದನ್ನು ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು, ತೆರೆದ ತಾರೀಕು ಅದರ ಮೇಲೇ ಬರೆಯಿರಿ. ಕರೆಂಟು ಹೋದಾಗ ನೀರಿನ ಮಣ್ಣಿನ ಮಡಕೆ ಬೇಸಿಗೆಯಲ್ಲಿ ಒಳ್ಳೆಯ ಆಸರೆ. ಆಟಿಯ ಮಳೆಯಲ್ಲಿ ಅದನ್ನು ನಂಬಬೇಡಿ: ಗಾಳಿಯಲ್ಲೇ ತೇವ ತುಂಬಿರುವಾಗ ಮಡಕೆಯ ನೀರು ಆರುವುದಿಲ್ಲ, ಆರದಿದ್ದರೆ ತಂಪೂ ಇಲ್ಲ. ಬಳಸುತ್ತಿರುವ ಪೆನ್ನನ್ನು ಫ್ರಿಜ್ಜಿಗೆ ಹಿಂದಿರುಗಿಸದೆ ಮನೆಯ ತಂಪು ಮೂಲೆಯಲ್ಲಿಡುವುದು ವಾಡಿಕೆ. ಮಾರ್ಚ್‌–ಮೇಯಲ್ಲಿ ಹಂಚಿನ ಮಾಡಿನ ಕೋಣೆಯೇ 30 ಡಿಗ್ರಿ ದಾಟುವುದರಿಂದ ಆ ಮೂಲೆಯನ್ನು ಹುಡುಕಿಯೇ ಆರಿಸಬೇಕು.

ಯಾವುದನ್ನು ಆರಿಸಿದರೂ ಗಂಜಿ ಒಲೆಯಿಂದ ಇಳಿದ ಮೇಲೆಯೇ ಮದ್ದು ತೆಗೆಯಿರಿ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ಇನ್ಸುಲಿನ್ ಕೊಟ್ಟಾದ ಮೇಲೆ ಅಜ್ಜಿ "ಹಸಿವಿಲ್ಲ" ಎಂದರೆ ಶುಗರ್ ಕುಸಿಯುತ್ತದೆ. ಹೀಗೆ ಮೇಲಿಂದ ಮೇಲೆ ಆಗುವುದಾದರೆ ಊಟ ಆದೊಡನೆ ಕೊಡಬಹುದಾದ ಬೇರೆ ಬಗೆ ಆಗುತ್ತದೋ ಎಂದು ಡಾಕ್ಟರನ್ನು ಕೇಳಿ. ಶುಗರ್ ಕುಸಿದಾಗ ಹಿರಿಯರಲ್ಲಿ ಬೆವರು, ನಡುಕ ಕಾಣದೆಯೇ ಮಾತು ತೊದಲುವುದು, ಗಲಿಬಿಲಿ, ಬೀಳುವುದು ಮೊದಲು ಬರಬಹುದು. ಶುಗರ್ 70ಕ್ಕಿಂತ ಕೆಳಗಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬಳಸಿದ ಸೂಜಿ ತೋಟದ ಬದಿಗೆ ಬೇಡ. ಪಾದ ಜೋಮು ಹಿಡಿದವರು ಅಲ್ಲೇ ಬರಿಗಾಲಲ್ಲಿ ನಡೆಯುತ್ತಾರೆ, ಚುಚ್ಚಿದ್ದು ಗೊತ್ತೂ ಆಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುಂಬುವ ಮೊದಲೇ ಮುಚ್ಚಿ, ಎಲ್ಲಿ ಕೊಡಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.